ಆಯಮ್ಮನ ಕಜ್ಜಾಯ

ಆ ಶನಿವಾರ ಬೆಳಗ್ಗೆಯೂ ನಾನು ಎದ್ದದ್ದು ನಲ್ಲಿಯ ಸದ್ದಿಗೆ. ನಮ್ಮ ಬೀದಿಗೆ ನೀರು ಬಿಡುವ ದಿನ ನಲ್ಲಿ ಮೊದಲು ಗಾಳಿ ಉಗುಳುತ್ತದೆ, ಮುದುಕರು ಗಂಟಲು ಸರಿಮಾಡಿಕೊಂಡ ಹಾಗೆ. ಆಮೇಲೆ ಕೆಂಪು ನೀರು, ಆಮೇಲೆ ತಿಳಿ ನೀರು. ತಿಳಿ ಬರುವವರೆಗೆ ಪಕ್ಕದಲ್ಲೇ ನಿಂತಿರಬೇಕು. ನಿಂತೆ. ಸಂಪು, ಎರಡು ಡ್ರಮ್ಮು, ಬಚ್ಚಲಿನ ಹಂಡೆ, ಕೊನೆಗೆ ಕುಡಿಯುವ ನೀರಿನ ಕೊಳಗ. ಕೊಳಗದ ಬಾಯಿಗೆ ಬಟ್ಟೆ ಕಟ್ಟುವ ಹೊತ್ತಿಗೆ ಮಾರಿಕುಪ್ಪಂ ಕಡೆಯಿಂದ ರೈಲು ಬರುವ ಕೂಗು ಕೇಳಿಸಿತು. ನಮ್ಮ ಮನೆಯವರು ಒಂದು ಕೈಯಲ್ಲಿ ಡಬ್ಬಿ, ಇನ್ನೊಂದು ಕೈಯಲ್ಲಿ ಶೂಸಿನ ಹಿಂಬದಿ ಎಳೆದುಕೊಳ್ಳುತ್ತಾ ಸ್ಟೇಷನ್ನಿಗೆ ಓಡಿದರು. ಬೆಂಗಳೂರಿನ ಅಂಚಿನ ಕಾರ್ಖಾನೆಗೆ ದಿನಾ ಹೋಗಿ ಬರುವವರು ಅವರು. ಅವರು ಬಂಗಾರಪೇಟೆಯಲ್ಲಿ ಹತ್ತುವ ರೈಲಿನಿಂದಲೇ ನನ್ನ ಮಗಳ ಶಾಲೆಯ ಆಯಮ್ಮ ಇಳಿಯುತ್ತಾಳೆ. ಚಾಂಪಿಯನ್ ರೀಫ್ಸಿನ ಗಣಿ ಕಾರ್ಮಿಕರ ಲೈನಿನಲ್ಲಿ ಅವಳ ಮನೆ. ಜೊತೆಯಲ್ಲಿ ಅವಳ ಮಗಳು, ನನ್ನ ಮಗಳ ಜೊತೆ ಆರನೇ ಕ್ಲಾಸಿನಲ್ಲಿ ಓದುವ ಹುಡುಗಿ.

ಆ ದಿನ ಅವರಿಬ್ಬರ ಕೈಯಲ್ಲಿ ಒಂದು ಡಬ್ಬಿಯೂ ಇರುತ್ತದೆ ಎಂದು ನನಗೆ ಗೊತ್ತಿತ್ತು. ನಾನೇ ತರಲು ಹೇಳಿದ್ದೆ.

ಆ ಹುಡುಗಿಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ. ಮೊದಲ ಬೆಂಚಿನಲ್ಲಿ ಕುಳಿತು ಮಿಸ್ಸಿನ ತುಟಿಯನ್ನೇ ನೋಡುತ್ತಾಳೆ. ಮಿಸ್ಸು ಬೋರ್ಡಿನ ಕಡೆ ತಿರುಗಿದರೆ ಪಾಠ ಅಲ್ಲಿಗೇ ತುಂಡಾಗುತ್ತದೆ. ಪಕ್ಕದಲ್ಲಿ ಕೂರುವ ನನ್ನ ಮಗಳು, ತಪ್ಪಿಹೋದದ್ದನ್ನು ನೋಟ್‌ಬುಕ್ಕಿನ ಅಂಚಿನಲ್ಲಿ ಬರೆದು ತೋರಿಸುತ್ತಾಳಂತೆ. ಕಿವಿಯ ಡಾಕ್ಟರು ಮೆಷಿನ್ ಹಾಕಿಸಲೇಬೇಕು ಎಂದಿದ್ದರು. ಶಾಲೆ ಗುಡಿಸಿ, ಕಕ್ಕಸು ತೊಳೆದು, ಗಂಟೆ ಹೊಡೆಯುವವಳ ಸಂಬಳಕ್ಕೆ ಅದು ಎಟುಕುವ ವಸ್ತುವಲ್ಲ. ಎಚ್ಚೆಂ ಮೇಡಂ ಒಳ್ಳೆಯವರು. ಶಾಲೆಯಲ್ಲೇ ಏನಾದರೂ ಮಾಡಿ ದುಡ್ಡು ಎತ್ತೋಣ ಎಂದು ತಾಯಂದಿರ ಮೀಟಿಂಗು ಕರೆದರು.

ಮೀಟಿಂಗಿನಲ್ಲಿ ಹೆಚ್ಚು ಮಾತಾಡಿದವಳು ನಾನೇ. ಸಾಮಾನ್ಯವಾಗಿ ಹಿಂದಿನ ಸಾಲಿನಲ್ಲಿ ಕೂತು ಎದ್ದು ಬರುವವಳು. ಆದರೆ ಗಣಿ ಕಡೆಯ ಊರಿಗಾಂನ ಕಾನ್ವೆಂಟಿನಲ್ಲಿ ಹತ್ತು ವರ್ಷ ಓದಿದವಳಿಗೆ ಈ ವಿಷಯ ಚೆನ್ನಾಗಿ ಗೊತ್ತು. ಸಿಸ್ಟರುಗಳು ಕಾಸು ಖರ್ಚಿಲ್ಲದೆ ದುಡ್ಡು ಎತ್ತುವುದರಲ್ಲಿ ನಿಪುಣರು. ಮನೆಮನೆಯಿಂದ ಹಳೇ ಪೇಪರು ತರಿಸಿ ರದ್ದಿಗೆ ಹಾಕುತ್ತಿದ್ದರು. ಗಾಜಿನ ಭರಣಿಯಲ್ಲಿ ಅವರೆಕಾಳು ತುಂಬಿ, ಎಷ್ಟು ಕಾಳಿದೆ ಎಂದು ಸರಿಯಾಗಿ ಊಹಿಸಿದವರಿಗೆ ಆ ಭರಣಿಯನ್ನೇ ಬಹುಮಾನ ಕೊಡುತ್ತಿದ್ದರು. ಸೋಪು, ಬಾಚಣಿಗೆ, ಪೌಡರ್ ಡಬ್ಬಿ ಸಾಲಾಗಿ ಇಟ್ಟು ಅವುಗಳ ಮೇಲೆ ಹಳೇ ಬಳೆ ಎಸೆಯುವ ಆಟ. ಯೂನಿಫಾರಂ ಬದಲು ಬಣ್ಣದ ಬಟ್ಟೆ ಹಾಕಿಕೊಂಡು ಬರುವುದಕ್ಕೆ ಒಂದು ಚಿಕ್ಕ ಮೊತ್ತ. ಇವನ್ನೆಲ್ಲ ಹೇಳಿದೆ. ಕೊನೆಗೆ, “ಪ್ರತಿಯೊಬ್ಬ ತಾಯಿಯೂ ಮನೆಯಲ್ಲೇ ಒಂದು ತಿಂಡಿ ಮಾಡಿಕೊಂಡು ಬಂದರೆ ಸಾಕು, ಯಾರಿಗೂ ಭಾರವಾಗುವುದಿಲ್ಲ” ಎಂದೆ. ಎಲ್ಲರಿಗೂ ಅದೇ ಹಿಡಿಸಿತು. ಎಚ್ಚೆಂ ಮೇಡಂ ನನ್ನ ವಾಕ್ಯವನ್ನೇ ಚೀಟಿಯಲ್ಲಿ ಅಚ್ಚು ಹಾಕಿಸಿ ಎಲ್ಲ ಮಕ್ಕಳ ಕೈಗೂ ಕೊಟ್ಟರು.

ಆ ಚೀಟಿ ಹಿಡಿದುಕೊಂಡೇ ಆಯಮ್ಮ ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿದ್ದು. ಅವಳು ನನಗಿಂತ ನಾಲ್ಕೈದು ವರ್ಷಕ್ಕಾದರೂ ದೊಡ್ಡವಳು. ಆದರೂ ಅವಳು ನನ್ನನ್ನು ‘ಅಮ್ಮಾ’ ಎನ್ನುತ್ತಾಳೆ, ನಾನು ಅವಳನ್ನು ‘ನೀನು’ ಎನ್ನುತ್ತೇನೆ. ಇದು ಈಗ ಬರೆಯಲು ಕುಳಿತಾಗ ಗಮನಕ್ಕೆ ಬಂತು.

“ಅಮ್ಮಾ, ಈ ಚೀಟಿ ನಮ್ ಪಾಪಂಗೂ ಕೊಟ್ಟವ್ರೆ.”

“ಎಲ್ಲಾ ಮಕ್ಕಳಿಗೂ ಕೊಟ್ಟಿದ್ದಾರಲ್ಲ.”

“ಪ್ರತಿಯೊಬ್ಬ ತಾಯೀನೂ ಅಂತ ಬರ್ದದೆ. ಪಾಪ ಓದಿ ಯೋಳುದ್ಲು. ನಾನೂ ತಾಯೀನೇ ಅಲ್ವಾ ಮ್ಮಾ?” ನಗುತ್ತಲೇ ಕೇಳಿದಳು. ಆದರೆ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಹೆಬ್ಬೆರಳಿನಲ್ಲಿ ಒತ್ತುತ್ತಾ ಇದ್ದಳು.

“ನಿನ್ನ ಮಗಳಿಗೋಸ್ಕರಾನೇ ಮಾಡ್ತಾ ಇರೋದು. ನೀನ್ಯಾಕೆ ಖರ್ಚು ಮಾಡ್ಕೋತೀಯ?”

“ಅದುಕ್ಕೇ ಮ್ಮಾ ಕೇಳ್ತಿರೋದು. ಸುಮ್ನೆ ಕೈ ಚಾಚಿ ಈಸ್ಕಂಡ್ರೆ, ನಾಳೆ ಪಾಪ ಕಿವೀಗೆ ಮೆಷಿನ್ ಆಕ್ಕಂಡು ಓಡಾಡುವಾಗ ಎಲ್ರೂ ನಮ್ ದುಡ್ಡು ನಮ್ ದುಡ್ಡು ಅಂತಾರೆ. ಅದ್ರಾಗೆ ನಂದೂ ಒಂಚೂರು ಇರ್ಲಿ. ಅವ್ಳಿಗೆ ಯೋಳ್ಬೋದು ನೋಡು, ನಿಮ್ಮಮ್ಮನೂ ಎಲ್ರಂಗೆ ಟೇಬಲ್ಲಲ್ಲಿ ಇಟ್ಟು ಮಾರುದ್ಲು ಅಂತ.”

“ಏನು ಮಾಡ್ತೀಯ?”

“ಕಜ್ಜಾಯ! ಅಧಿರಸಂ ಅಂತೀವಲ್ಲ ನಾವು. ನಮ್ ಲೈನಲ್ಲಿ ಯಾರ್ ಮನೆ ಮದ್ವೆ ಆದ್ರೂ ಪಾಕ ಇಡಿಯೋಕೆ ನನ್ನೇ ಕರೀತಾರೆ. ಒಂದೂ ಎಣ್ಣೇಲಿ ಒಡೆಯಲ್ಲ, ನೋಡ್ತಾ ಇರಿ ನೀವು.”

“ತಾ, ಖಂಡಿತ ತಾ” ಎಂದೆ. ಮನೆಗೆ ನಡೆದುಕೊಂಡು ಬರುವಾಗ ನನಗೆ ನನ್ನ ಮೇಲೇ ಒಂದು ಮೆಚ್ಚುಗೆ ಮೂಡಿತ್ತು. ಅದನ್ನೂ ಹೇಳಿಬಿಡಬೇಕು.

ಅವಳು ಅದಕ್ಕಾಗಿ ಪಟ್ಟ ಪಾಡನ್ನು ವಾರವಿಡೀ ನಾನು ಮಗಳನ್ನು ಕರೆತರಲು ಹೋದಾಗಲೆಲ್ಲ ವರದಿ ಮಾಡುತ್ತಿದ್ದಳು. ಮಂಗಳವಾರ ರೇಷನ್ ಅಕ್ಕಿ ನೆನೆಹಾಕಿ, ನೆರಳಿನಲ್ಲಿ ಆರಹಾಕಿ, ಇನ್ನೂ ತೇವ ಇರುವಾಗಲೇ ಮಿಲ್ಲಿಗೆ ಒಯ್ದಿದ್ದು. ಮಿಲ್ಲಿನವನು ಮೆಣಸಿನಪುಡಿ ಮಾಡಿದ ಮೇಲೆ ಇದನ್ನು ಹಾಕಲು ಹೊರಟಾಗ ಅವನೊಂದಿಗೆ ಜಗಳವಾಡಿದ್ದು. ಅಚ್ಚು ಬೆಲ್ಲ ಬೇಡವೆಂದು ಉಂಡೆ ಬೆಲ್ಲಕ್ಕೆ ಶಾಲೆ ಬಿಟ್ಟ ಮೇಲೆ ಬಂಗಾರಪೇಟೆಯ ಸಂತೆಯೆಲ್ಲ ಹುಡುಕಿದ್ದು. ಪಾಕ ಹಿಡಿದು ಹಿಟ್ಟು ಕಲಸಿ ಎರಡು ದಿನ ಮುಚ್ಚಿಟ್ಟಿದ್ದು. ಶುಕ್ರವಾರ ಸಂಜೆ ಕರಿದದ್ದು. “ಪಾಪ ಒಂದ್ ಕೊಡಮ್ಮಾ ಅಂತ ನಿಂತಿದ್ಲು. ಮಾರೋದು ಕಣೇ, ಎಂಜಲು ಮಾಡ್ಬಾರ್ದು, ಮಿಕ್ಕಿದ್ರೆ ಕೊಡ್ತೀನಿ ಅಂದೆ” ಎಂದು ಶನಿವಾರ ಬೆಳಗ್ಗೆ ಶಾಲೆಯ ವರಾಂಡದ ಟೇಬಲ್ಲಿನ ಮೇಲೆ ಡಬ್ಬಿ ಇಡುತ್ತಾ ಹೇಳಿದಳು. ನೀಲಿ ಪ್ಲಾಸ್ಟಿಕ್ ಡಬ್ಬಿ. ಒಳಗೆ ಬಾಳೆಲೆ ಹಾಸಿ ಒಂದರ ಮೇಲೊಂದು ಒರಗಿಸಿ ಜೋಡಿಸಿದ್ದಳು. ಅಂಚು ಗರಿಗರಿ, ನಡು ಮೆತ್ತಗೆ, ಮೇಲೆ ಗಸಗಸೆ. ನಿಜಕ್ಕೂ ಒಂದೂ ಒಡೆದಿರಲಿಲ್ಲ.

ಅವಳು ಮದುವೆಗೆ ಉಡುವಂಥ ಹಸಿರು ಸೀರೆ ಉಟ್ಟಿದ್ದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಟೇಬಲ್ಲಿನ ಹಿಂದೆ, ನನ್ನ ಪಕ್ಕದಲ್ಲೇ ನಿಂತಳು. ನನ್ನದು ನಿಪ್ಪಟ್ಟು.

ನಮ್ಮ ಕಡೆ ಸ್ಟೀಲ್ ಪಾತ್ರೆಗಳ ಮೇಲೆ ಹೆಸರು ಕೊರೆಸುತ್ತಾರೆ. ಚುಕ್ಕಿ ಚುಕ್ಕಿ ಅಕ್ಷರಗಳಲ್ಲಿ ಮನೆಯ ಹಿರಿಯರ ಹೆಸರು, ಇಲ್ಲವೇ ಮದುವೆಯಲ್ಲಿ ಉಡುಗೊರೆ ಕೊಟ್ಟವರ ಹೆಸರು. ಮದುವೆ ಮುಂಜಿಗಳಲ್ಲಿ ಪಾತ್ರೆ ಅದಲುಬದಲಾಗದಿರಲಿ ಎಂದು. ಆ ವರಾಂಡದಲ್ಲಿ ಆ ಹೆಸರುಗಳಿಗೆ ಇನ್ನೊಂದು ಕೆಲಸವೂ ಇದೆ ಎಂದು ನನಗೆ ಮೊದಲ ಸಲ ಕಾಣಿಸಿತು. ಕೊಳ್ಳಲು ಬಂದ ಹೆಂಗಸರು ತಿಂಡಿಯನ್ನು ನೋಡುವುದಕ್ಕೆ ಮೊದಲು ಸ್ವಲ್ಪ ಬಗ್ಗಿ ಪಾತ್ರೆಯ ಹೊಟ್ಟೆಯನ್ನು ಓದುತ್ತಿದ್ದರು. ಓದಿ, ತಲೆಯಾಡಿಸಿ, ಆಮೇಲೆ “ಎರಡು ಕೊಡಿ” ಎನ್ನುತ್ತಿದ್ದರು. ನನ್ನ ಡಬ್ಬಿಯ ಮೇಲೆ ನಮ್ಮ ಅತ್ತೆಯವರ ಹೆಸರು. ಅವರನ್ನು ಈ ಊರಿನಲ್ಲಿ ಅರಿಯದವರಿಲ್ಲ. ಹತ್ತೂವರೆಯೊಳಗೆ ನನ್ನ ನಿಪ್ಪಟ್ಟು ಮುಗಿಯುತ್ತಾ ಬಂತು.

ನೀಲಿ ಡಬ್ಬಿಯ ಮೇಲೆ ಯಾವ ಹೆಸರೂ ಇರಲಿಲ್ಲ.

“ಇದು ಯಾರ್ ಮನೇದು ಅಕ್ಕಾ?” ಎಂದು ಒಬ್ಬ ತಾಯಿ ಕೇಳಿದಳು. ಅವಳ ಬೆರಳು ಆಗಲೇ ಕಜ್ಜಾಯದ ಕಡೆ ಚಾಚಿತ್ತು.

“ಇವರದೇ” ಎಂದು ಆಯಮ್ಮನನ್ನು ತೋರಿಸಿದೆ.

ಬೆರಳು ಹಿಂದಕ್ಕೆ ಹೋಗಲಿಲ್ಲ. ಹಾಗೆ ಹೋಗಿದ್ದರೆ ಎಲ್ಲರಿಗೂ ಕಾಣುತ್ತಿತ್ತು. ಅದು ಅಲ್ಲಿಂದಲೇ ಸ್ವಲ್ಪ ಎಡಕ್ಕೆ ತಿರುಗಿ ಪಕ್ಕದ ತಟ್ಟೆಯ ಕೊಬ್ಬರಿ ಮಿಠಾಯಿಯ ಮೇಲೆ ನಿಂತಿತು. “ನಮ್ಮನೇಲಿ ಎಲ್ರಿಗೂ ಶುಗರ್ರು ಕಣಕ್ಕಾ” ಎಂದು ಹೇಳಿ ಆರು ಮಿಠಾಯಿ ಕಟ್ಟಿಸಿಕೊಂಡಳು.

“ಮಿಠಾಯೀಲಿ ಶುಗರ್ ಇಲ್ವಾ ಮ್ಮಾ?” ಎಂದು ಆಯಮ್ಮ ನನ್ನ ಕಿವಿಯಲ್ಲಿ ಕೇಳಿ ಕಿಸಕ್ಕೆಂದಳು. ನಾನೂ ನಕ್ಕೆ. ಆಗಿನ್ನೂ ನಗುವಷ್ಟು ಹೊತ್ತು ಉಳಿದಿತ್ತು.

ಇನ್ನೊಬ್ಬರು ಬಂದರು. ದುಡ್ಡಿನ ಪೆಟ್ಟಿಗೆಗೆ ದೊಡ್ಡ ನೋಟನ್ನೇ ಹಾಕಿದರು. “ಒಂದು ಕಜ್ಜಾಯ ತಗೊಳ್ಳಿ” ಎಂದೆ. “ಅಯ್ಯೋ ತಿಂಡಿ ಗಿಂಡಿ ಯಾಕೆ, ಮಗೂಗೆ ಒಳ್ಳೇದಾದ್ರೆ ಸಾಕು” ಎಂದು ಆಯಮ್ಮನ ಭುಜದವರೆಗೆ ಕೈ ತಂದು, ಮುಟ್ಟದೆ, ಹೋದರು. ಮತ್ತೊಬ್ಬಳು ಸ್ಕ್ಯಾನರಿಗೆ ಮೊಬೈಲು ಹಿಡಿದು ದುಡ್ಡು ಹಾಕಿ ಖಾಲಿ ಕೈಯಲ್ಲೇ ನಡೆದಳು. ಕೊಡುವುದಕ್ಕೆ ಆ ದಿನ ಯಾರ ಕೈಯೂ ಹಿಂಜರಿಯಲಿಲ್ಲ. ಈ ಮಾತನ್ನು ನಾನು ಪ್ರಾಮಾಣಿಕವಾಗಿ ಹೇಳಬೇಕು. ಅವಳ ಕೈಯಿಂದ ಒಂದನ್ನು ತೆಗೆದುಕೊಳ್ಳುವುದಕ್ಕೆ ಮಾತ್ರ ಯಾರೂ ಮುಂದೆ ಬರಲಿಲ್ಲ.

ನಾನು ಒಂದನ್ನು ಕೊಂಡು ತಿಂದೆ. ಎಲ್ಲರಿಗೂ ಕಾಣುವ ಹಾಗೆ ನಿಂತು ತಿಂದೆ. ಅದರಿಂದ ಏನೂ ಆಗಲಿಲ್ಲ. ನನ್ನ ಮಗಳ ಕ್ಲಾಸಿನ ಹುಡುಗಿಯೊಬ್ಬಳ ತಾಯಿ ನನ್ನನ್ನು ಪಕ್ಕಕ್ಕೆ ಎಳೆದು, “ಅಲ್ಲಾ ಅಕ್ಕಾ, ಬೆಳಗ್ಗೆಯಿಂದ ಫಿನಾಯಿಲ್ ಬಕೆಟ್ ಹಿಡ್ಕೊಂಡು ಓಡಾಡ್ತಾ ಇದ್ಲಲ್ಲ, ಅದೇ ಕೈ” ಎಂದಳು.

“ಇದು ನಿನ್ನೆ ಮನೇಲಿ ಕರಿದಿದ್ದು.”

“ಇರ್ಲಿ ಬಿಡಿ. ನಿಮ್ದು ಒಳ್ಳೇ ಮನಸ್ಸು.”

ನಮ್ಮ ಪಕ್ಕದ ಮನೆಯ ಅಕ್ಕ ನಾಲ್ಕು ಹಸು ಸಾಕಿದ್ದಾರೆ. ದಿನಾ ಬೆಳಗ್ಗೆ ಕೊಟ್ಟಿಗೆಯಲ್ಲಿ ಸಗಣಿ ಬಾಚಿ, ಕೈ ತೊಳೆದು, ಅದೇ ಕೈಯಲ್ಲಿ ಹಾಲು ಕರೆದು ಡೇರಿಗೆ ಹಾಕುತ್ತಾರೆ. ಆ ಹಾಲನ್ನು ಇಡೀ ಊರು ಕುಡಿಯುತ್ತದೆ. ತೊಳೆದರೆ ಹೋಗುವಂಥದ್ದು ಕೊಳೆ. ಆ ವರಾಂಡದಲ್ಲಿ ಅಡ್ಡ ಬಂದದ್ದು ಅದಲ್ಲ. ಜಾತಿ ಎಂಬ ಮಾತನ್ನು ಆ ದಿನ ಯಾರೂ ಬಾಯಿ ಬಿಟ್ಟು ಆಡಲಿಲ್ಲ. ಆಡುವ ಅಗತ್ಯವೂ ಬೀಳಲಿಲ್ಲ.

ನನಗೇನೂ ಇದು ಹೊಸದಲ್ಲ. ಊರಿಗಾಂನಲ್ಲಿ ನಾವಿದ್ದಾಗ ಕ್ರಿಸ್‌ಮಸ್ ದಿನ ಲೈನಿನ ಮನೆಗಳಿಂದ ತಟ್ಟೆಗಳು ಬರುತ್ತಿದ್ದವು. ಕೇಕು, ಕಲ್‌ಕಲ್, ರೋಸ್ ಕುಕ್ಕಿ, ಮೇಲೆ ಕುಸುರಿ ಹಾಕಿದ ಬಿಳಿ ಕರವಸ್ತ್ರ. ನನ್ನಮ್ಮ ಎರಡೂ ಕೈಯಲ್ಲಿ ಈಸಿಕೊಂಡು, ತಟ್ಟೆ ಖಾಲಿ ಕೊಡಬಾರದೆಂದು ಸಕ್ಕರೆ ತುಂಬಿ, ನಗುನಗುತ್ತಾ ಹಿಂದಿರುಗಿಸುತ್ತಿದ್ದಳು. ಬಾಗಿಲು ಹಾಕಿದ ಮೇಲೆ ಆ ಕೇಕೆಲ್ಲ ಹಿತ್ತಿಲಲ್ಲಿ ಸೌದೆ ಒಡೆಯುವವನಿಗೆ. ರಜೆ ಮುಗಿದ ಮೇಲೆ ಆ ಮನೆಗಳ ಗೆಳತಿಯರು ಕೇಕು ಹೇಗಿತ್ತು ಎಂದು ಕೇಳುತ್ತಿದ್ದರು. “ತುಂಬಾ ಚೆನ್ನಾಗಿತ್ತು” ಎನ್ನುತ್ತಿದ್ದೆ. ದಿನಾ ಬೆಳಗ್ಗೆ ಪ್ರಾರ್ಥನೆಯಲ್ಲಿ ಅವರ ಕೈ ಹಿಡಿದು ನಿಲ್ಲುತ್ತಿದ್ದೆ, ಅವರ ಮನೆಯ ಕೇಕಿನ ರುಚಿ ಮಾತ್ರ ನನಗೆ ಗೊತ್ತಿರಲಿಲ್ಲ. ಯಾರ ಮನಸ್ಸೂ ನೋಯದ ಹಾಗೆ ಸುಳ್ಳು ಹೇಳುವುದನ್ನು ನಾನು ಅಷ್ಟು ಚಿಕ್ಕಂದಿನಲ್ಲೇ ಕಲಿತಿದ್ದೆ.

ಹನ್ನೊಂದರ ಹೊತ್ತಿಗೆ ಒಂದನೇ ಕ್ಲಾಸಿನ ಮಗುವೊಂದು ಬಳೆ ಎಸೆಯುವ ಆಟದ ಹತ್ತಿರ ವಾಂತಿ ಮಾಡಿಕೊಂಡಿತು. “ಆಯಮ್ಮಾ! ಆಯಮ್ಮಾ!” ಎಂದು ಮೂರು ಕಡೆಯಿಂದ ಕೂಗು. ಅವಳು ಸೆರಗು ಬಿಚ್ಚಿ ಮತ್ತೆ ಬಿಗಿಯಾಗಿ ಸಿಕ್ಕಿಸಿ, “ಡಬ್ಬಿ ನೋಡ್ಕಳಿ ಮ್ಮಾ, ಈಗ್ ಬತ್ತೀನಿ” ಎಂದು ಆ ಹಸಿರು ಸೀರೆಯಲ್ಲೇ ಬಕೆಟ್ ತರಲು ಹೋದಳು. ಅವಳ ಮಗಳು ಅವರೆಕಾಳಿನ ಭರಣಿಯ ಮುಂದೆ ನನ್ನ ಮಗಳ ಜೊತೆ ನಿಂತು, ಕಣ್ಣು ಕಿರಿದು ಮಾಡಿ ಕಾಳು ಲೆಕ್ಕ ಹಾಕುತ್ತಿದ್ದಳು.

ನನ್ನ ಮುಂದೆ ನೀಲಿ ಡಬ್ಬಿ ಹಾಗೇ ತುಂಬಿತ್ತು. ಒಂದು ಮಾತ್ರ ಕಡಿಮೆ, ನಾನು ತಿಂದದ್ದು. ಪಕ್ಕದಲ್ಲಿ ನನ್ನ ಸ್ಟೀಲ್ ಡಬ್ಬಿ, ತಳದಲ್ಲಿ ನಿಪ್ಪಟ್ಟಿನ ಪುಡಿ.

ಅವಳು ಬರುವಷ್ಟರಲ್ಲಿ ಕೆಲವಾದರೂ ಹೋಗಿರಲಿ, ಆ ಮುಖ ನೋಡಲಾಗದು ಎನ್ನಿಸಿತು. ಅಷ್ಟೇ. ಅದಕ್ಕಿಂತ ದೊಡ್ಡ ಯೋಚನೆ ಮಾಡಿದೆ ಎಂದರೆ ಸುಳ್ಳಾಗುತ್ತದೆ. ಪುಡಿ ಕೊಡವಿ, ಕರವಸ್ತ್ರದಿಂದ ಒರೆಸಿ, ಬಾಳೆಲೆ ಸಮೇತ ಕಜ್ಜಾಯಗಳನ್ನು ನನ್ನ ಡಬ್ಬಿಗೆ ಜೋಡಿಸಿದೆ. ನೀಲಿ ಡಬ್ಬಿಯನ್ನು ಮುಚ್ಚಳ ತೆಗೆದೇ ಟೇಬಲ್ಲಿನ ಮೂಲೆಗೆ ಸರಿಸಿದೆ.

ಕಜ್ಜಾಯ ಹೋದ ವೇಗ ನೋಡಿ ನನಗೇ ಭಯವಾಯಿತು. ಶುಗರ್ರಿನವಳು ಮತ್ತೆ ಬಂದಳು. ಬಗ್ಗಿ ಹೆಸರು ಓದಿದಳು. “ಅಯ್ಯೋ, ನೀವೂ ಕಜ್ಜಾಯ ತಂದಿದ್ರಾ? ಮೊದ್ಲೇ ಹೇಳ್ಬಾರ್ದಾ?” ಎಂದು ನಾಲ್ಕು ಕಟ್ಟಿಸಿಕೊಂಡಳು. ಫಿನಾಯಿಲ್ ಮಾತಾಡಿದವಳು ಅಲ್ಲೇ ನಿಂತು ಒಂದನ್ನು ತಿಂದು, ಬೆರಳು ನೆಕ್ಕಿ, ಮನೆಗೆಂದು ಇನ್ನೂ ಮೂರು ತೆಗೆದುಕೊಂಡಳು. ಪಕ್ಕದ ಮನೆಯ ಅಕ್ಕ ಅದೇ ಶಾಲೆಯಲ್ಲಿ ಓದುವ ಮೊಮ್ಮಗನನ್ನು ಎಳೆದುಕೊಂಡು ಬಂದರು. “ಏನಮ್ಮಾ, ನಮ್ಗೆ ಯೋಳ್ದೇ ಕಜ್ಜಾಯ ಮಾಡಿದ್ದೀಯಾ ಕಳ್ಳಿ! ಕೊಡು ಐದು” ಎಂದರು. ಕೊಟ್ಟೆ. ನಾನು ಮಾಡಿದ್ದಲ್ಲ ಎಂಬ ಎರಡು ಪದ ನಾಲಿಗೆಯ ಮೇಲೇ ಇತ್ತು. ಹೇಳಿದರೆ ಆ ಐದೂ ಡಬ್ಬಿಗೆ ವಾಪಸು ಬರುತ್ತವೆ. ಮನೆಗೆ ಒಯ್ದವರೆಲ್ಲ ಏನು ಮಾಡುತ್ತಾರೋ. ಹೇಳಲಿಲ್ಲ.

ಅಷ್ಟರಲ್ಲಿ ಆಯಮ್ಮನ ಮಗಳು ಓಡಿ ಬಂದಳು. ಮೂಲೆಯಲ್ಲಿದ್ದ ನೀಲಿ ಡಬ್ಬಿಯೊಳಗೆ ಇಣುಕಿದಳು. ಕಿವಿ ಕೇಳದವರು ತಮ್ಮ ದನಿಯ ಎತ್ತರ ತಿಳಿಯದೆ ಮಾತಾಡುತ್ತಾರಲ್ಲ, ಹಾಗೆ ಇಡೀ ವರಾಂಡಕ್ಕೆ ಕೇಳುವಂತೆ ಕೂಗಿದಳು.

“ಅಮ್ಮಾ! ನಮ್ದು ಎಲ್ಲಾ ಖಾಲಿ!”

ಆಯಮ್ಮ ಬಕೆಟ್ ಇಟ್ಟು, ಕೈ ತೊಳೆದು, ಸೀರೆಗೆ ಒರೆಸಿಕೊಳ್ಳುತ್ತಾ ಬರುತ್ತಿದ್ದಳು. ಅವಳ ಮುಖದಲ್ಲಿ ಆ ಕ್ಷಣ ಬಂದದ್ದನ್ನು ನಾನು ಇಲ್ಲಿ ವರ್ಣಿಸಲಾರೆ. ಅವಳು ಹತ್ತು ಹೆಜ್ಜೆ ನಡೆಯುವಷ್ಟು ಹೊತ್ತು ಅದು ಇತ್ತು. ಟೇಬಲ್ಲಿನ ಹತ್ತಿರ ಬಂದಳು. ಖಾಲಿ ಡಬ್ಬಿ ನೋಡಿದಳು. ಆಮೇಲೆ ನನ್ನ ಸ್ಟೀಲ್ ಡಬ್ಬಿ, ಅದರೊಳಗೆ ಅವಳದೇ ಬಾಳೆಲೆ, ಅದರ ಮೇಲೆ ಉಳಿದ ಮೂರು ಕಜ್ಜಾಯ.

ಏನಾದರೂ ಹೇಳಬೇಕು ಎಂದುಕೊಳ್ಳುವಷ್ಟರಲ್ಲಿ, ಮಗಳ ಕ್ಲಾಸಿನ ಇನ್ನೊಬ್ಬ ತಾಯಿ ನುಗ್ಗಿ ಬಂದಳು. “ಅಕ್ಕಾ, ಕಜ್ಜಾಯ ಇನ್ನೂ ಇದ್ಯಾ? ಇಷ್ಟೇನಾ? ಕೊಡಿ ಕೊಡಿ, ಮೂರೂ ಕೊಡಿ. ಏನ್ ಕೈ ರುಚಿ ಅಕ್ಕಾ ನಿಮ್ದು! ನಾನು ಮಾಡಿದ್ರೆ ಎಣ್ಣೇಲಿ ಹಾಕಿದ ತಕ್ಷಣ ಪುಡಿ ಪುಡಿ. ಪಾಕ ಹೆಂಗೆ ಹಿಡಿದ್ರಿ?”

ನನಗೆ ಗೊತ್ತಿರಲಿಲ್ಲ. ಕಜ್ಜಾಯವನ್ನು ನಾನು ಜೀವನದಲ್ಲಿ ಮಾಡಿಲ್ಲ.

“ಬೆಲ್ಲ ಕುದೀತಾ ಇರುವಾಗ ಒಂದು ಚೂರು ತಣ್ಣೀರಿಗೆ ಬಿಡ್ಬೇಕಮ್ಮ,” ಆಯಮ್ಮ ಮೆಲ್ಲಗೆ ಹೇಳಿದಳು. “ನೀರಲ್ಲಿ ಕರಗ್ದೇ ಮೆತ್ತಗೆ ಉಂಡೆ ಕಟ್ಟೋಕೆ ಬಂದ್ರೆ ಇಳಿಸ್ಬೇಕು. ಗಟ್ಟಿ ಆಗೋಗಂಟ ಬುಟ್ರೆ ಆಳಾಯ್ತದೆ.”

ಆಕೆ ಅವಳ ಕಡೆ ತಿರುಗಿ ನೋಡಿ, ನನ್ನ ಕಡೆ ತಿರುಗಿ ನಕ್ಕಳು. “ಪರವಾಗಿಲ್ವೇ! ಆಯಮ್ಮಂಗೂ ಕಲಿಸಿಬಿಟ್ಟಿದ್ದೀರ.”

ನಾನು ನಕ್ಕೆ. ಇಲ್ಲ ಎನ್ನಲಿಲ್ಲ, ಹೌದೆನ್ನಲಿಲ್ಲ, ನಕ್ಕೆ. ಆ ನಗುವನ್ನು ಆಯಮ್ಮ ನೋಡಿದಳು. ಅವಳ ಮಗಳೂ ನೋಡಿದಳು. ಆ ಹುಡುಗಿ ನಮ್ಮ ತುಟಿಗಳನ್ನು ಓದುವವಳು ಎಂಬುದು ನನಗೆ ಆಗ ಮರೆತುಹೋಗಿತ್ತು. ಅವಳು ನನ್ನ ಬಾಯಿಂದ ಅವಳಮ್ಮನ ಬಾಯಿಗೆ, ಅಲ್ಲಿಂದ ಸ್ಟೀಲ್ ಡಬ್ಬಿಗೆ ಕಣ್ಣು ಓಡಿಸಿದಳು. ಮತ್ತೆ ಅವಳು ಕೂಗಲಿಲ್ಲ.

ಮಧ್ಯಾಹ್ನ ಎಲ್ಲರನ್ನೂ ಮೈದಾನದಲ್ಲಿ ಕೂಡಿಸಿದರು. ಒಂದು ಕಿವಿಯ ಮೆಷಿನ್ನಿಗೆ ಆಗುವಷ್ಟು ಬಂದಿದೆ, ಇನ್ನೊಂದು ಕಿವಿಗೆ ಮುಂದಿನ ವರ್ಷ ನೋಡೋಣ ಎಂದು ಎಚ್ಚೆಂ ಮೇಡಂ ಮೈಕಿನಲ್ಲಿ ಹೇಳಿದರು. ಚಪ್ಪಾಳೆ. “ಈ ಯೋಜನೆ ಕೊಟ್ಟ ತಾಯಿಯವರು ಬರಬೇಕು” ಎಂದು ನನ್ನನ್ನು ವೇದಿಕೆಗೆ ಕರೆದರು. ಕವರನ್ನು ನನ್ನ ಕೈಯಿಂದಲೇ ಕೊಡಿಸಿದರು. ಆಯಮ್ಮ ಮಗಳ ಜೊತೆ ಮೆಟ್ಟಿಲು ಹತ್ತಿ ಬಂದು ಎರಡೂ ಕೈ ಚಾಚಿದಳು. ಫೋಟೊ ತೆಗೆಯುವವರು, “ಆಯಮ್ಮಾ, ಸ್ವಲ್ಪ ಈ ಕಡೆ ನೋಡು, ಕೈ ಹಾಗೇ ಇರ್ಲಿ” ಎಂದರು. ಅವಳು ಕೈ ಹಾಗೇ ಇಟ್ಟಳು. ಬೇಡ ಎನ್ನಲು ಅವಳಿಗೆ ದಾರಿ ಇರಲಿಲ್ಲ. ಪಕ್ಕದಲ್ಲಿ ಅರ್ಧ ಕೇಳುವ ಮಗಳು ನಿಂತಿದ್ದಳು. ಆ ಫೋಟೊ ಸಂಜೆಯೊಳಗೆ ತಾಯಂದಿರ ಗ್ರೂಪಿನಲ್ಲಿ ಬಂತು. ಅದರಲ್ಲಿ ನಾನು ಕೊಡುವವಳು, ಅವಳು ಈಸಿಕೊಳ್ಳುವವಳು. ಹಸಿರು ಸೀರೆ ಉಟ್ಟು ಟೇಬಲ್ಲಿನ ಹಿಂದೆ ತಿಂಡಿ ಮಾರುತ್ತಿರುವ ತಾಯಿ ಯಾವ ಫೋಟೊದಲ್ಲೂ ಇಲ್ಲ.

ಎಲ್ಲ ಮುಗಿದ ಮೇಲೆ ಅವಳು ಹಿಂಭಾಗದ ನಲ್ಲಿಯಲ್ಲಿ ನೀಲಿ ಡಬ್ಬಿ ತೊಳೆಯುತ್ತಿದ್ದಳು. ಹೋಗಿ ನಿಂತೆ. ಸುತ್ತ ಯಾರೂ ಇಲ್ಲವೆಂದು ತಮಿಳಿನಲ್ಲೇ ಶುರು ಮಾಡಿದೆ. ಅವಳ ಮನೆಮಾತು, ಊರಿಗಾಂನಲ್ಲಿ ಗೆಳತಿಯರ ಜೊತೆ ನಾನು ಆಡಿ ಬೆಳೆದ ಭಾಷೆ, ಅದರಲ್ಲಾದರೂ ಮಾತು ಬಂದೀತು ಎಂದು. ತಪ್ಪಾಯಿತು ಎಂದೆ. ನಿನ್ನ ಹೆಸರು ಹೇಳಬೇಕಿತ್ತು ಎಂದೆ.

ಅವಳು ಕನ್ನಡದಲ್ಲೇ ಉತ್ತರಿಸಿದಳು. “ಯೋಳಿದ್ರೆ ಒಂದೂ ಓಗ್ತಿರ್ಲಿಲ್ಲ ಬುಡಿ ಮ್ಮಾ. ನಂಗೊತ್ತಿಲ್ವಾ.”

“ಮತ್ತೆ?”

“ಓಗ್ದಿದ್ರೆ ಮನೆಗೆ ತಕಂಡೋಗಿ ನಾವೇ ತಿಂತಿದ್ವಿ.” ಡಬ್ಬಿಯನ್ನು ಕೊಡವಿ ಬೋರಲು ಇಟ್ಟಳು. “ಪಾಪ ಒಂದೂ ಬಾಯಿಗೆ ಆಕಿರ್ಲಿಲ್ಲ.”

ಅಷ್ಟೇ ಅವಳು ಹೇಳಿದ್ದು. ಬೈದಿದ್ದರೆ ಚೆನ್ನಾಗಿತ್ತು. ಹಸಿರು ಸೀರೆಯ ಅಂಚು ಒದ್ದೆಯಾಗಿ ಕಪ್ಪಗಾಗಿತ್ತು. ಅದನ್ನು ಎತ್ತಿ ಹಿಂಡಿ, ಗಂಟೆ ಹೊಡೆಯಲು ಹೊತ್ತಾಯಿತೆಂದು ಹೋದಳು. ನಾನು ಕೊಂಡು ತಿಂದ ಆ ಒಂದು ಕಜ್ಜಾಯವನ್ನು ಮಗುವಿಗೆ ಕೊಡಬಹುದಿತ್ತು ಎಂದು ಆಗ ಹೊಳೆಯಿತು. ಹೊಳೆದು ಏನು ಮಾಡುವುದು? ಮಧ್ಯಾಹ್ನದ ರೈಲಿಗೆ ಅವರಿಬ್ಬರೂ ಸ್ಟೇಷನ್ ಕಡೆ ನಡೆಯುವುದನ್ನು ಗೇಟಿನಿಂದ ನೋಡಿದೆ. ಮಗಳು ಅಮ್ಮನ ಕೈ ಹಿಡಿದಿರಲಿಲ್ಲ. ಒಂದು ಹೆಜ್ಜೆ ಹಿಂದೆ, ತಲೆ ತಗ್ಗಿಸಿ ಬರುತ್ತಿದ್ದಳು.

ಮನೆಗೆ ಬಂದ ಮೇಲೆ ನನ್ನ ಮಗಳು ಕೇಳಿದಳು, “ಅಮ್ಮಾ, ಕಜ್ಜಾಯ ನೀನು ಮಾಡಿದ್ದಾ? ಎಲ್ಲರೂ ಹಾಗಂತಾರೆ. ನೋಟ್‌ಬುಕ್ಕಿನಲ್ಲಿ ಬರೆದು ಅವಳನ್ನು ಕೇಳಿದೆ, ಪುಸ್ತಕ ಮುಚ್ಚಿಬಿಟ್ಟಳು.” ಇಲ್ಲ ಎಂದೆ. “ಮತ್ತೆ ಯಾಕೆ ಹೇಳಲಿಲ್ಲ?” ಎಂದಳು. ಊಟಕ್ಕೆ ತಟ್ಟೆ ಹಾಕು ಎಂದು ಅವಳನ್ನು ಒಳಗೆ ಕಳಿಸಿದೆ. ಮಗಳನ್ನು ಕಾನ್ವೆಂಟಿಗೆ ಕಳುಹಿಸಿದರೆ ನಮ್ಮಲ್ಲಿ ಇದ್ದ ಮಡಿಮೈಲಿಗೆಯೆಲ್ಲ ಒಂದು ತಲೆಮಾರಿಗೆ ಕಳೆದುಹೋಗುತ್ತದೆ ಎಂದು ನನ್ನ ಅಪ್ಪ ನಂಬಿದ್ದರು. ನನ್ನ ಉಡುಪು, ನನ್ನ ಇಂಗ್ಲಿಷು, ನನ್ನ ಮೆಲುದನಿ ಎಲ್ಲವೂ ಬದಲಾದವು. ಬಾಗಿಲು ಹಾಕಿಕೊಂಡ ಮೇಲೆ ಆ ಕೇಕನ್ನು ಹಿತ್ತಿಲಿಗೆ ಕೊಡುವ ಕೈ ಮಾತ್ರ ಹಾಗೇ ಉಳಿಯಿತು, ಇನ್ನಷ್ಟು ನಾಜೂಕಾಗಿ. ಮುಂದಿನ ವರ್ಷ ಇನ್ನೊಂದು ಕಿವಿಗೆ ಮತ್ತೆ ತಿಂಡಿ ಮಾರುತ್ತಾರೆ. ಆಯಮ್ಮ ಆಗ ಏನೂ ತರುವುದಿಲ್ಲ ಎಂದು ನನಗೆ ಗೊತ್ತು. ತಂದರೂ ಇದಕ್ಕಿಂತ ಬೇರೆಯಾಗಿ ಏನು ನಡೆದೀತು ಎಂದು ಎಷ್ಟು ಯೋಚಿಸಿದರೂ ನನಗೆ ಕಾಣುವುದಿಲ್ಲ.

ಸಂಜೆ ಒಣಗಿದ ಬಟ್ಟೆ ತೆಗೆಯಲು ಹಿತ್ತಿಲಿಗೆ ಹೋದೆ. ಪಕ್ಕದ ಮನೆಯ ಅಕ್ಕ ಹಸುಗಳಿಗೆ ಸೀಮೆಹುಲ್ಲು ಹಾಕುತ್ತಿದ್ದರು. ನನ್ನನ್ನು ಕಂಡು ಗೋಡೆಯ ಹತ್ತಿರ ಬಂದರು. ಅವರ ಬಗ್ಗೆ ಕೆಟ್ಟದ್ದು ಹೇಳಲು ನನ್ನಲ್ಲಿ ಏನೂ ಇಲ್ಲ. ನನ್ನ ಬಾಣಂತನದಲ್ಲಿ ಮೂರು ತಿಂಗಳು ದಿನಾ ಹಾಲು ತಂದುಕೊಟ್ಟವರು.

“ಕಜ್ಜಾಯ ಬೋ ಸಂದಾಕಿತ್ತಮ್ಮ. ನಮ್ಮೆಜಮಾನ್ರು ಎಲ್ಡು ತಿಂದು ಇನ್ನೂ ಐತಾ ಅಂದ್ರು.”

ನಾನು ಕ್ಲಿಪ್ಪುಗಳನ್ನು ಒಂದೊಂದಾಗಿ ಕಿತ್ತು ಬುಟ್ಟಿಗೆ ಹಾಕಿದೆ.

“ಸೊಸೆ ಗ್ರೂಪಲ್ಲಿ ಫೋಟೊ ತೋರ್ಸುದ್ಲು. ಲಕ್ಷಣವಾಗಿ ಬಂದೈತೆ ನಿಂದು. ಆ ಮಗೀಗೂ ಏನೋ ಒಂದ್ ದಾರಿ ಆಯ್ತು ಬುಡು.” ಹುಲ್ಲಿನ ಕಂತೆ ಬಿಚ್ಚಲು ತಿರುಗಿದವರು ಹಾಗೇ ಹೆಗಲ ಮೇಲಿಂದ ಹೇಳಿದರು. “ಆದ್ರೂ ಅವ್ಳಿಗಾದ್ರೂ ತಿಳೀಬ್ಯಾಡ್ವಾ? ಊರೋರೆಲ್ಲಾ ಅವ್ಳ ಮಗೀಗೋಸ್ಕರ ಒಲೆ ಮುಂದೆ ಬೆಂದವ್ರೆ, ಅವ್ಳೂ ಏನಾನ ಒಂದು ಮಾಡ್ಕಂಡ್ ಬಂದಿದ್ರೆ ಏನ್ ಕಳ್ಕತಿದ್ಲು?”